ಮಾಮಾ ಕಾಯ್ದಿಟ್ಟ ಪಾಠ

ನಮ್ಮ ಮಾಮಾ ಯಾರಿಗೂ ಬಗ್ಗುವವರಲ್ಲ. ಹೀಗೆಂದ ಕೂಡಲೇ ನೀವು ಸ್ವಾಭಿಮಾನ, ಛಲ ಎಂದೆಲ್ಲ ಊಹಿಸಿಕೊಳ್ಳಬೇಡಿ. ಅವರು ಕೆಳಗೆ ಬಿದ್ದ ಟವೆಲ್ಲಿಗೂ ಬಗ್ಗುವವರಲ್ಲ! ಕಾಲ್ಬೆರಳಲ್ಲಿ ಚಿಮುಟಿ ಮೇಲಕ್ಕೆ ಎಸೆದು, ಕೈಯಲ್ಲಿ ಹಿಡಿಯುತ್ತಾರೆ. ಹಿಡಿಯುವುದು ತಪ್ಪಿದರೆ ಟವೆಲ್ಲು ಸಂಜೆಯತನಕ ಅಲ್ಲೇ ಬಿದ್ದಿರುತ್ತದೆ.

ಸೋಲಾಪುರದ ಹತ್ತಿರದ ಹೋಟಗಿಯಲ್ಲಿ ಅವರದೊಂದು ಅಪರೂಪದ ಕಸುಬು. ಸತ್ತ ಟಗರಿನ ಚರ್ಮ ಬಿಡಿಸಿ, ಹದ ಮಾಡಿ, ಒಳಗೆ ಅಚ್ಚು ಕೂರಿಸಿ, ಜೀವವಿದ್ದಂತೆ ಮಾಡಿಕೊಡುತ್ತಾರೆ. ಕಾಳಗದಲ್ಲಿ ಗೆದ್ದ ಟಗರನ್ನು ಮಗನಂತೆ ಸಾಕಿದವರು, ಸತ್ತ ಮೇಲೂ ಕಣ್ಣೆದುರಿಗಿರಲಿ ಎಂದು ಹೊತ್ತು ತರುತ್ತಾರೆ. ಕಂದಲಗಾಂವದ ಪಡಸಾಲೆಗಳಲ್ಲಿ ಮಾಮಾನ ಟಗರುಗಳು ಗೋಡೆಯಿಂದ ತಲೆ ಹೊರಹಾಕಿ, ಬಂದ ಬೀಗರನ್ನು ದಿಟ್ಟಿಸುತ್ತಿರುತ್ತವೆ.

ಈ ಕೆಲಸದಲ್ಲಿ ಟೊಂಕ ಮುರಿಯುವುದು ಚರ್ಮಕ್ಕಂಟಿದ ಮಾಂಸ ಹೆರೆಯುವಾಗ. ಅದಕ್ಕೊಂದು ಮಷೀನಿದೆ, ಗರಗರ ತಿರುಗುವ ದುಂಡನೆಯ ಅಲಗು. ಹಸಿ ಚರ್ಮವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಅಲಗಿಗೆ ಒಡ್ಡುತ್ತ, ತಾಸುಗಟ್ಟಲೆ ಬಗ್ಗಿ ನಿಲ್ಲಬೇಕು. ಹೋದ ವರ್ಷ ಹಾಗೆ ಬಗ್ಗಿದ ಮಾಮಾ ಬಗ್ಗಿದಂತೆಯೇ ಉಳಿದರು! ಇದ್ದ ಭಂಗಿಯಲ್ಲೇ ಎತ್ತಿ ಸೋಲಾಪುರಕ್ಕೆ ಒಯ್ದದ್ದಾಯಿತು. ಡಾಕ್ಟರು, "ಪಾಠ ಸಾಂಭಾಳಾ, ಕಾಕಾ! ಮತ್ತೊಮ್ಮೆ ಹಿಡಿದರೆ ಹಾಸಿಗೆಯೇ ಗತಿ" ಎಂದರಂತೆ.

ಮರಾಠಿಯಲ್ಲಿ ಪಾಠವೆಂದರೆ ಬೆನ್ನು, ಸಾಂಭಾಳಾ ಎಂದರೆ ಜೋಪಾನ. ನಾನೋ ಅಕ್ಕಲಕೋಟದಲ್ಲಿ ಕನ್ನಡ ಶಾಲೆಯ ಮಾಸ್ತರ, ನನಗೆ ಪಾಠವೆಂದರೆ ಪಾಠವೇ. ಒಂದು ದಿನ ಮಾಮಾ ಫೋನು ಮಾಡಿದರು.

"ಏನ್ ಮಾಸ್ತರ, ಪಾಠ ಹ್ಯಾಂಗ ಅದ?"

"ಎಂಟನೇದು ನಡದದರಿ, ಮಾಮಾ."

"ಎಂಟನೇದಾ? ದೇವರು ಒಂದs ಕೊಟ್ಟಾನಲ್ಲಪಾ!"

ಆ ಒಂದನ್ನು ಕಾಯಲು ಅವರು ಮಾಡಿದ ಏರ್ಪಾಡು ನೋಡಬೇಕು. ಗೌಂಡಿಯನ್ನು ಕರೆಸಿ ಕಟ್ಟೆ ಕಟ್ಟಿಸಿ, ಮಷೀನನ್ನು ಮೊಣಕೈ ಮಟ್ಟಕ್ಕೆ ಏರಿಸಿದರು. "ಮಷೀನು ನನ್ನ ಕಡಿ ಬರಬೇಕು, ನಾ ಅದರ ಕಡಿ ಹೋಗಂಗಿಲ್ಲ." ಕೆಳಗೊಂದು ಇಟ್ಟಂಗಿ, ಒಮ್ಮೆ ಎಡಗಾಲು ಅದರ ಮೇಲೆ, ಒಮ್ಮೆ ಬಲಗಾಲು. ನಡುವಿಗೆ ಹಳೆಯ ರುಮಾಲು. ಟೊಂಕ ಕಟ್ಟಿ ನಿಲ್ಲುವುದು ಎಂದು ನಾವು ಬಾಯಿಮಾತಿಗೆ ಹೇಳುತ್ತೇವಲ್ಲ, ಮಾಮಾ ನಿಜವಾಗಿಯೂ ಕಟ್ಟಿಯೇ ನಿಲ್ಲುತ್ತಾರೆ. ಇನ್ನು ರೈಲು ಕೂಗಿದಾಗಲೆಲ್ಲ ಮಷೀನು ಬಂದ್! ಸೊಂಟಕ್ಕೆ ಕೈಯಿಟ್ಟು, ಹಿಂದಕ್ಕೆ ವಾಲಿ, ಆಕಾಶ ನೋಡುವುದು. ಹೋಟಗಿ ಜಂಕ್ಷನ್ನು ಸ್ವಾಮಿ! ಅಲ್ಲಿ ರೈಲಿಗೇನು ಬರ?

ಭಂಡಾರಕವಠೆ ಊರಿನವರೊಬ್ಬರು ಅಲೆದಲೆದು ಬೇಸತ್ತು ಕೇಳಿದರು: "ನಮ್ಮ ಟಗರು ಯಾವಾಗ ಆಗ್ತದರಿ?"

"ಸತ್ತ ಟಗರಿಗೆ ಏನ್ ಗಡಬಡ ಅದರಿ?"

ಅಂಗಳದ ಬೇವಿನ ಕೆಳಗೆ ಹೊರಸಿನ ಮೇಲೆ ಮಲಗಿದ್ದ ಮಾಮಿ ಕೂಗಿದರು: "ಟಗರಿಗಿಲ್ಲರಿ, ಮಾಲಕರಿಗೆ ಅದ!" ಲಕ್ವಾ ಹೊಡೆದು ಮಾಮಿಯ ಕಾಲುಗಳು ನಿಂತುಹೋಗಿವೆ. ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಗಿದೆ.

ಇಷ್ಟೆಲ್ಲ ನಡೆಯುತ್ತಿತ್ತು. ಎಡವಟ್ಟಾದದ್ದು ಅಕ್ಕಲಕೋಟದಲ್ಲಿ, ನನ್ನ ತಂಗಿಯ ಲಗ್ನದಲ್ಲಿ. ನಮ್ಮಲ್ಲಿ ಮದುಮಗಳನ್ನು ಸೋದರಮಾವನೇ ಎತ್ತಿಕೊಂಡು ಹಂದರಕ್ಕೆ ತರಬೇಕು. ತಂಗಿ ಸಿಂಗಾರವಾಗಿ ಕಾಯುತ್ತಿದ್ದಾಳೆ, ಬ್ಯಾಂಡಿನವರು ಊದುತ್ತಿದ್ದಾರೆ, ಮಾಮಾ ಎದೆ ಸೆಟೆಸಿ ನಿಂತಿದ್ದಾರೆ!

"ಎತ್ತೋ ತಮ್ಮಾ, ಮುಹೂರ್ತ ಮೀರತದ" ಎಂದಳು ಅವ್ವ.

"ನಾ ಎತ್ತಂಗಿಲ್ಲಕ್ಕಾ. ನಡಕೋತ ಬರಲಿ. ಕಾಲ ಅದಾವಲ್ಲ ಅಕಿಗೆ!"

ಬ್ಯಾಂಡು ನಿಂತಿತು. ತಂಗಿ ತುಟಿ ಕಚ್ಚಿಕೊಂಡು ನಡೆದೇ ಬಂದಳು. ಬೀಗರು ಮುಸಿಮುಸಿ ನಕ್ಕರು. ಮಾಮಾ ಮಾತ್ರ ನೆಟ್ಟಗೆ ನಿಂತುಕೊಂಡೇ ಎರಡು ಸಲ ಹುಗ್ಗಿ ಹಾಕಿಸಿಕೊಂಡರು. "ಬೆನ್ನಿಗೆ ಬಿದ್ದ ತಮ್ಮ, ನನ್ನ ಮಗಳಿಗಿಂತ ಇವನಿಗೆ ಇವನ ಬೆನ್ನೇ ಹೆಚ್ಚಾತು" ಎಂದು ಅವ್ವ ಮಾತೇ ಬಿಟ್ಟಳು.

ಲಗ್ನದ ಉಂಡಿ ಕೊಟ್ಟು, ಅವ್ವನ ಬೈಗುಳವನ್ನೂ ತಲುಪಿಸಿ ಬರೋಣವೆಂದು ನಾನು ಹೋಟಗಿಗೆ ಹೋದೆ. ಮಷೀನು ನಿಂತಿತ್ತು. ಬೇವಿನ ನೆರಳು ಸರಿದು ಮಾಮಿಯ ಮುಖದ ಮೇಲೆ ಬಿಸಿಲು ಬಿದ್ದಿತ್ತು. ಮಾಮಾ ಸಾಬೂನು ಹಚ್ಚಿ ಕೈ ತೊಳೆದರು. ನಡುವಿನ ರುಮಾಲು ಬಿಗಿದರು. ಕಾಲು ಅಗಲಿಸಿ, ಬೆನ್ನು ಬಗ್ಗಿಸದೆ ಮೊಣಕಾಲಷ್ಟೇ ಮಡಿಚಿ, ಮಾಮಿಯ ಕೆಳಗೆ ಕೈ ತೂರಿಸಿ, ಮಗುವನ್ನೆತ್ತುವಂತೆ ಎತ್ತಿಕೊಂಡರು. ಮಾಮಿ ಅವರ ಕೊರಳಿಗೆ ಕೈ ಹಾಕಿದರು.

"ನೋಡ್ ಮಾಸ್ತರ, ನಿಮ್ಮ ಮಾಮಾ ನನಗ ದಿನಾ ಲಗ್ನ ಮಾಡಾಕತ್ತಾರ!"

ನಾನು ನಗಲು ಹೋದೆ, ಆಗಲಿಲ್ಲ. ಅಷ್ಟರಲ್ಲಿ ರೈಲು ಕೂಗಿತು.

"ಗಾಡಿ ಬಂತರಿ. ಇಳಸ್ರಿ, ಆಕಾಶ ನೋಡ್ರಿ" ಎಂದರು ಮಾಮಿ.

"ಕೂಗಲಿ ಬಿಡು. ಈ ಪಾಠ ಕಾಯ್ದಿದ್ದು ಯಾರ ಸಲುವಾಗಿ?" ಎಂದ ಮಾಮಾ ನಿಲ್ಲದೆ ನೆರಳಿನ ಕಡೆ ನಡೆದರು.

ಬೈಗುಳವನ್ನು ನಾನು ತಲುಪಿಸಲಿಲ್ಲ. ಸ್ಟೇಷನ್ನಿಗೆ ಬಂದು ಅವ್ವನಿಗೆ ಫೋನು ಹಚ್ಚಿದೆ. "ಅವ್ವಾ, ಮಾಮಾಗ ಎತ್ತಾಕ ಬರ್ತದ. ಆದ್ರ ಒಬ್ಬಾಕಿನ್ನs ಎತ್ತತಾರ" ಎಂದೆ. ಅವ್ವ, "ಉಂಡಿ ಇನ್ನೊಂದೀಟು ಕಳಸಬೇಕಾಗಿತ್ತು" ಎಂದಳು.