ಬಿಂಗಣ್ಣನ ಏಳು ನಿಮಿಷದ ಮೀನು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಲೋ ಮನೆತನದ ಬಿಂಗನ ಮಾತು ಹೋದದ್ದು ಅವನ ಮದುವೆಯ ಊಟದಲ್ಲೇ. ಹಬೆಯಾಡುವ ಮೀನಿನ ತಟ್ಟೆ ಮೇಜಿಗೆ ಬಂದಾಗ ಪಕ್ಕದವನಿಗೆ, "ಒಂದು ನಿಮಿಷ ಜಾಸ್ತಿ ಬೆಂದಿದೆ ಅನ್ಸುತ್ತೆ" ಎಂದುಬಿಟ್ಟ. ಮೀನು ಬೇಯಿಸಿದವಳು ಅವನ ಬೆನ್ನ ಹಿಂದೆಯೇ ನಿಂತಿದ್ದಳು.

ಅವಳು ಅವನ ಅತ್ತೆ, ಹೋ ಅಜ್ಜಿ. ಮೀನಿನ ಅಡುಗೆಗೇ ಹೆಸರಾದ ಶುಂಡೆ ಸೀಮೆಯ ಹಳ್ಳಿಗಳಲ್ಲಿ ಎಂಬತ್ತು ಮೇಜಿನ ಔತಣಕ್ಕೆ ಒಬ್ಬಳೇ ನಿಂತು ಮೀನು ಬೇಯಿಸಿದ ಕೈ. ಅಂದಿನಿಂದ ಇಪ್ಪತ್ತಾರು ವರ್ಷ ಅವಳು ಅಳಿಯನನ್ನು ಹೆಸರು ಹಿಡಿದು ಕರೆದಿಲ್ಲ. ಬಿಂಗ್ ದೋಣಿಕಟ್ಟೆಯಲ್ಲಿ ಟಿಕೆಟ್ಟು ಹರಿಯುತ್ತಿದ್ದನಾದ್ದರಿಂದ ಅವನು ಅವಳಿಗೆ ಬರೀ 'ಟಿಕೆಟ್ಟು'. ಸೇತುವೆ ಬಂದು ದೋಣಿ ನಿಂತುಹೋದರೂ ಆ ಹೆಸರು ನಿಲ್ಲಲಿಲ್ಲ.

ಈ ಸಲ ಅಜ್ಜಿಗೆ ಎಂಬತ್ತೊಂದು ತುಂಬುವ ದಿನ ಬಿಂಗ್ ಎದೆ ತಟ್ಟಿ ಹೇಳಿದ: "ಅತ್ತೆಗೆ ಮೀನು ನಾನೇ ಮಾಡ್ತೀನಿ. ಅವರ ಬಾಯಿಂದ 'ಚೆನ್ನಾಗಿದೆ' ಅನ್ನಿಸದೇ ಇದ್ರೆ ಕೇಳಿ!" ಹೆಂಡತಿ ಯೂಕ್ಲಿನ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀರು ಕಾಯ್ಸೋಕೆ ಬರುತ್ತಾ ನಿಮಗೆ?" ಎಂದು ಕೇಳಿ ತಾಯಿಯನ್ನು ಕರೆತರಲು ಬಸ್ಸು ಹತ್ತಿದಳು.

ಬಿಂಗ್ ಬೆಳಿಗ್ಗೆಯೇ ಸಂತೆಗೆ ಹೋಗಿ ತೊಟ್ಟಿಯಲ್ಲಿ ಎಲ್ಲಕ್ಕಿಂತ ಸಿಟ್ಟಾಗಿ ಈಜುತ್ತಿದ್ದ ಗ್ವಾಯ್ಫಾ ಮೀನನ್ನು ಆರಿಸಿ ತಂದ. "ನೀರು ಕೊತಕೊತ ಕುದಿಯೋವಾಗ ಇಡು. ಏಳು ನಿಮಿಷ. ಮಧ್ಯದಲ್ಲಿ ಮುಚ್ಚಳ ತೆಗೆದ್ಯೋ, ನಿನ್ನ ಮೀನು ಗೋವಿಂದ" ಎಂದಿದ್ದಳು ಮೀನಿನವಳು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಮೆಟ್ಟಿಲು ಹತ್ತಿಯಾಗಿತ್ತು. ಎದುರುಮನೆಯ ಸೌಹಾ ತನ್ನದೇ ಸೌಟು ಹಿಡಿದು ಬಂದಳು. ಮೇಲ್ಮನೆಯ ಮಾಕ್ ಮೇಷ್ಟ್ರು ಬರಿಗೈಯಲ್ಲಿ, ಆದರೆ ಬಾಯಿ ತುಂಬ ಬುದ್ಧಿವಾದ ತುಂಬಿಕೊಂಡು ಬಂದರು.

ತಟ್ಟೆಯ ಮೇಲೆ ಎರಡು ಕಡ್ಡಿ ಅಡ್ಡವಿಟ್ಟು, ಅಡಿಗೂ ಹಬೆ ಹೋಗಲೆಂದು ಬಿಂಗ್ ಅವುಗಳ ಮೇಲೆ ಮೀನು ಮಲಗಿಸಿದ. ಬಾಣಲೆಗಿಳಿಸಿ ನೋಡಿದರೆ ಬಾಲ ನಾಲ್ಕು ಬೆರಳು ಹೊರಗೆ.

"ಬಾಲ ಕತ್ತರಿಸಿಬಿಡಿ ಬಿಂಗಣ್ಣ" ಎಂದಳು ಸೌಹಾ.

"ಹುಟ್ಟುಹಬ್ಬದ ಮೀನು ಕಣಮ್ಮಾ! ಆಯುಸ್ಸು ಕತ್ತರಿಸಿದ ಹಾಗೆ!" ಮಾಕ್ ಮೇಷ್ಟ್ರು ಕಿವಿ ಮುಚ್ಚಿಕೊಂಡರು.

ಬಿಂಗ್ ಬಾಲವನ್ನು ಮೇಲಕ್ಕೆ ಬಾಗಿಸಿ, ಮುಚ್ಚಳ ಮುಚ್ಚಿ, ಸಂದಿಗೆಲ್ಲ ಒದ್ದೆ ಬಟ್ಟೆ ಸುತ್ತಿದ. ಅದರ ಮೇಲೆ ಒರಳುಕಲ್ಲು ಹೇರಿ, ಗಡಿಯಾರ ಹಿಡಿದು ಮುಂದೆ ನಿಂತ.

"ಎಂಟು ನಿಮಿಷ ಬೇಕು" ಎಂದಳು ಸೌಹಾ.

"ಹತ್ತು. ನಾನು ಮೂವತ್ತು ವರ್ಷ ಗಣಿತ ಹೇಳಿದೋನು" ಎಂದರು ಮೇಷ್ಟ್ರು.

"ಮೀನಿಗೆ ಗಣಿತ ಬರಲ್ಲ ಮೇಷ್ಟ್ರೇ" ಎಂದ ಬಿಂಗ್.

"ಒಂದು ಚೂರು ಇಣುಕಿ ನೋಡ್ಲಾ?" ಸೌಹಾ ಮುಚ್ಚಳಕ್ಕೆ ಕೈ ಹಾಕಿದಳು. ಬಿಂಗ್ ಎರಡೂ ತೋಳು ಚಾಚಿ ಅಡ್ಡ ನಿಂತ. ಹಬೆಗೆ ಮೊಣಕೈ ಸುಟ್ಟರೂ ಅಲುಗಲಿಲ್ಲ.

ಏಳನೆಯ ನಿಮಿಷಕ್ಕೆ ಸರಿಯಾಗಿ ಮೀನು ಇಳಿಯಿತು. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿದ. ಮೇಲೆ ಎಳೆಎಳೆಯಾಗಿ ಸೀಳಿದ ಶುಂಠಿ, ಈರುಳ್ಳಿಸೊಪ್ಪು ಹರಡಿದ. ಕಾದ ಎಣ್ಣೆ ಹೊಯ್ದಾಗ ಚುಂಯ್ ಎಂದ ಸದ್ದಿಗೆ ಕೆಳಗಿನ ಮನೆಯ ಬೆಕ್ಕು ಕೂಗಿತು. ಕೊನೆಗೆ ಅಂಚಿಗೆ ಸೋಯಾ ರಸ. ಬಿಂಗನಿಗೆ ತನ್ನ ಕೈಗೆ ತಾನೇ ಮುತ್ತಿಡಬೇಕು ಅನ್ನಿಸಿತು.

"ಬೆಂದಿದ್ಯೋ ಇಲ್ವೋ ನೋಡಿ ಮೊದಲು" ಎಂದರು ಮೇಷ್ಟ್ರು.

ಬಿಂಗ್ ಬೆನ್ನಿನ ದಪ್ಪ ಭಾಗಕ್ಕೆ ಕಡ್ಡಿ ಚುಚ್ಚಿ ಬಿಡಿಸಿದ. ಮಾಂಸ ಬೆಳ್ಳಗೆ ಬಿಟ್ಟುಕೊಂಡಿತು. ಆದರೆ ಮೂಳೆಯ ಬುಡದಲ್ಲಿ ಒಂದು ನಸುಗೆಂಪು ಗೆರೆ.

"ಅಯ್ಯಯ್ಯೋ, ಹಸಿ!" ಸೌಹಾ ಬಾಯಿಗೆ ಸೌಟು ಅಡ್ಡ ಹಿಡಿದಳು.

"ರಕ್ತ ಬಿಂಗ್, ರಕ್ತ! ಎಂಬತ್ತೊಂದರ ಮುದುಕಿಗೆ ಹಸಿ ಮೀನು ತಿನ್ನಿಸಿದ ಅಳಿಯ ಅಂತ ಊರೆಲ್ಲ ಆಡ್ಕೊಳ್ತಾರೆ" ಎಂದರು ಮೇಷ್ಟ್ರು.

ಇಳಿಸಿದ ಮೀನನ್ನು ಮತ್ತೆ ಹಬೆಗೇರಿಸಿದರೆ ಹತ್ತಿಯಾಗುತ್ತದೆಂದು ಶುಂಡೆಯಲ್ಲಿ ಹಸುಳೆಗೂ ಗೊತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. "ಬಸ್ಸಿಳಿದ್ವಿ. ಅಮ್ಮ ಆಗ್ಲೇ ಹಸಿವು ಅಂತಿದಾರೆ" ಎಂದಳು ಯೂಕ್ಲಿನ್.

ಬಿಂಗ್ ತನ್ನ ಮೀನನ್ನು ಕಿಟಕಿಕಟ್ಟೆಯ ಮೇಲಿಟ್ಟು ಬೋಗುಣಿ ಕವುಚಿದ. ಮನೆಯದೇ ಇನ್ನೊಂದು ತಟ್ಟೆ ಕಂಕುಳಲ್ಲಿ ಹಿಡಿದು, ಯಾರಿಗೂ ಅನುಮಾನ ಬಾರದಂತೆ ಹಿತ್ತಿಲ ಮೆಟ್ಟಿಲಿಳಿದು ಓಣಿಯ ತುದಿಯ ಹೋಟೆಲಿಗೆ ಓಡಿದ. ಅಂಥದೇ ಮೀನನ್ನು ಅದೇ ತಟ್ಟೆಗೆ ಹಾಕಿಸಿಕೊಂಡು ಹಾಗೆಯೇ ವಾಪಸು ಓಡಿ ಬಂದ. ಸೌಹಾ, ಮೇಷ್ಟ್ರು ಇಬ್ಬರೂ ತುಟಿ ಪಿಟಕ್ಕೆನ್ನುವುದಿಲ್ಲ ಎಂದು ಆಣೆ ಮಾಡಿ, ಊಟಕ್ಕೂ ಕುಳಿತರು.

ಹೋ ಅಜ್ಜಿ ಬಂದಳು. ಕುಳಿತಳು. ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಎರಡು ನಿಮಿಷ ಜಾಸ್ತಿ" ಎಂದಳು ಅಜ್ಜಿ. "ನನ್ನದು ಒಂದೇ ನಿಮಿಷ ಜಾಸ್ತಿಯಾಗಿತ್ತು, ಅಲ್ವಾ ಟಿಕೆಟ್ಟು?"

ಬಾಯಿ ತೊಳೆಯಲೆಂದು ಅಡುಗೆಮನೆಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಹಳೆಯ ಅಡುಗೆಯವಳು, ಮುಚ್ಚಿಟ್ಟದ್ದು ಕಂಡರೆ ತೆಗೆದು ನೋಡದೆ ಇರುವಳೇ? ಎಲ್ಲರೂ ಎದ್ದು ಹೋಗಿ ನೋಡಿದರೆ ಬೋಗುಣಿ ಒಂದು ಕಡೆ, ಅಜ್ಜಿ ಒಂದು ಕಡೆ. ಕಿಟಕಿಯ ಬಳಿ ನಿಂತೇ ತಿನ್ನುತ್ತಿದ್ದಾಳೆ. ಅರ್ಧ ಪಕ್ಕೆ ಆಗಲೇ ಖಾಲಿ.

"ಯಾರ ಕೈ ಇದು?" ಅಜ್ಜಿಯ ದನಿ ನಡುಗಿತು. "ಮಾಂಸ ಬಿಡಬೇಕು, ಮೂಳೆ ಕೆಂಪಾಗಿರಬೇಕು. ಜೀವಮಾನ ಇದನ್ನ ಹೇಳಿ ಹೇಳಿ ನನ್ನ ನಾಲಿಗೆ ಸವೀತು, ಒಬ್ಬರಿಗೂ ಬರಲಿಲ್ಲ. ಆರಿದ ಮೇಲೇ ಹೀಗಿದೆ, ಬಿಸೀಲಿ ಹೇಗಿತ್ತೋ!"

ಬಿಂಗನ ಎದೆ ಉಬ್ಬಿತು. ಇಪ್ಪತ್ತಾರು ವರ್ಷ ಕಾದ ಮಾತು. ಅವನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯ ಕಣ್ಣು ಸೌಹಾಳ ಕೈಯಲ್ಲಿದ್ದ ಸೌಟಿನ ಮೇಲೆ ಬಿತ್ತು. "ನೀನೇನಮ್ಮಾ?"

ಸೌಹಾ ಮೀನು ನೋಡಿದಳು, ಅಜ್ಜಿಯನ್ನು ನೋಡಿದಳು. "ಏನೋ ಅಜ್ಜಿ... ಕೈಗೆ ಬಂದ ಹಾಗೆ" ಎಂದು ನಾಚಿದಳು.

"ಸುಳ್ಳು! ಅದು ನನ್ನ ಮೀನು!" ಬಿಂಗ್ ಕಿರುಚಿದ. "ನಾನೇ ಮಾಡಿದ್ದು, ಏಳೇ ನಿಮಿಷ! ಇವರಿಬ್ಬರೂ ಹಸಿ ಅಂದರು, ಅದಕ್ಕೆ ಬಚ್ಚಿಟ್ಟೆ. ಮೇಜಿನ ಮೇಲಿರೋದು ಹೋಟೆಲಿಂದು! ಹೇಳಿ ಮೇಷ್ಟ್ರೇ, ನೀವೇ ತಾನೇ ರಕ್ತ ಅಂದಿದ್ದು?"

ಮೇಷ್ಟ್ರು ಅಜ್ಜಿಯ ಮುಖ ನೋಡಿದರು. ಇಂಥ ಮೀನನ್ನು ಹಸಿ ಎಂದವನು ತಾನೆಂದು ಹೋ ಅಜ್ಜಿಯ ಎದುರು ಒಪ್ಪಿಕೊಂಡರೆ ಶುಂಡೆಯಲ್ಲಿ ತಲೆಯೆತ್ತಿ ತಿರುಗುವುದುಂಟೇ? "ನಾನೇ? ಇಂಥ ಮೀನನ್ನ ಹಸಿ ಅಂತೀನೇ? ನಾನೇನು ಮೀನಿನ ಹದ ಗೊತ್ತಿಲ್ಲದ ಬಡಗಣ ಸೀಮೆಯವನೇ?" ಎಂದು ಹುಬ್ಬು ಹಾರಿಸಿದರು.

ಯೂಕ್ಲಿನ್ ಗಂಡನ ಕಾಲು ತುಳಿದಳು. "ಸಾಕು ಬಿಡ್ರೀ, ಮರ್ಯಾದೆ ತೆಗೀಬೇಡಿ."

ಅಜ್ಜಿ ತಾನೇ ತಟ್ಟೆ ತಂದು ಮೇಜಿನ ನಡುವೆ ಇಟ್ಟು, ಮೀನಿನ ತಲೆ ಸೌಹಾಳ ಕಡೆಗೆ ಬರುವಂತೆ ತಿರುಗಿಸಿದಳು. ದೊಡ್ಡವರಿಗೆ ಮಾತ್ರ ಸಲ್ಲುವ ಮರ್ಯಾದೆ ಅದು. ಬಾಲ ಬಿಂಗನ ಕಡೆ ಬಂತು.

"ಇಷ್ಟು ವರ್ಷ ನಿಂಗೆ ಮೀನು ಬೇಯ್ಸೋಕೆ ಮಾತ್ರ ಬರಲ್ಲ ಅಂದ್ಕೊಂಡಿದ್ದೆ ಟಿಕೆಟ್ಟು. ಸುಳ್ಳು ಹೇಳೋಕೂ ಬರಲ್ವಲ್ಲೋ!"

ಬಿಂಗ್ ಬಾಲದ ಬಳಿಯ ಒಂದು ತುಂಡು ಬಾಯಿಗಿಟ್ಟುಕೊಂಡ. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಅಂಥ ಮೀನನ್ನು ಅವನು ಹುಟ್ಟಿದಾಗಿನಿಂದ ತಿಂದಿರಲಿಲ್ಲ. ಹೆಮ್ಮೆಯಿಂದ ಅವನ ಎರಡೂ ಕಣ್ಣು ತುಂಬಿ ಬಂದವು.

ಅಜ್ಜಿ ಅದನ್ನೂ ನೋಡಿದಳು. "ಮುಳ್ಳು ಸಿಕ್ಕೊಂಡ್ತಾ? ತಿನ್ನೋಕೂ ಬರಲ್ಲ. ಅನ್ನ ನುಂಗು, ಇಳಿಯುತ್ತೆ" ಎಂದಳು.