ಹಿಮದ ಗುಡ್ಡದಲ್ಲಿ ಸಂಡಿಗೆಯ ಕಾವಲು

ನಡೆದದ್ದು ಇಷ್ಟೇ: ನಮ್ಮ ಬೀಗರು ಸ್ವೀಡನ್ನಿನ ಒಂದು ಇಡೀ ಗುಡ್ಡಕ್ಕೆ ಇಂಗಿನ ವಾಸನೆ ಹತ್ತಿಸಿದರು. ಉಳಿದದ್ದೆಲ್ಲ ಜನ ಸೇರಿಸಿಕೊಂಡು ಹೇಳುವುದು. ಲಿಫ್ಟು ಮುರಿದುಬಿತ್ತು ಅನ್ನುವುದು ಸುಳ್ಳು. ನಿಂತಿತ್ತು, ಅಷ್ಟೆ. ಪೊಲೀಸರು ಬಂದರು ಅನ್ನುವುದೂ ಸುಳ್ಳು. ಬಂದವಳು ಲಾಡ್ಜಿನ ಮೇಲ್ವಿಚಾರಕಿ. ಅವಳ ಕೋಟಿನ ಮೇಲೆ ಹೊಳೆಯುವ ಪಟ್ಟಿಯಿತ್ತು, ದೂರದಿಂದ ನೋಡಿದವರಿಗೆ ಹಾಗೆ ಕಂಡಿರಬೇಕು.

ಬೀಗರೆಂದರೆ ನನ್ನ ಅಳಿಯನ ಅಪ್ಪ. ಬಸ್ ಕಂಡಕ್ಟರ್ ಆಗಿ ರಿಟೈರಾದವರು. ರಿಟೈರಾದದ್ದು ಡಿಪೋದವರ ಲೆಕ್ಕದಲ್ಲಿ. ಅವರ ಲೆಕ್ಕದಲ್ಲಿ ಇನ್ನೂ ಡ್ಯೂಟಿಯ ಮೇಲಿದ್ದಾರೆ. ಕಾರು ಹೊರಟರೆ ಬಾಗಿಲು ಬಡಿದು "ರೈಟ್ ರೈಟ್!" ಅನ್ನದೆ ಬಿಡುವವರಲ್ಲ. ಮಕ್ಕಳಿರುವ ಲುಲೆಯೊ ಊರಿನಲ್ಲಿ ಸಿಟಿ ಬಸ್ಸು ಹತ್ತಿದರೆ ಬಾಗಿಲ ಬಳಿ ನಿಂತ ಸ್ವೀಡಿಷ್ ಹುಡುಗರಿಗೆ "ಒಳಗ್ ಹೋಗ್ರಪ್ಪ, ಮುಂದೆ ಖಾಲಿ ಇದೆ" ಅನ್ನುತ್ತಾರೆ. ವಿಚಿತ್ರವೇನು ಗೊತ್ತೇ? ಆ ಹುಡುಗರು ಹೋಗುತ್ತಾರೆ! ಭಾಷೆ ಬಾರದಿದ್ದರೇನು, ಆ ಮನುಷ್ಯನ ಗಂಟಲಲ್ಲೇ ಒಂದು ಸೀಟಿ ಇದೆ.

ಈ ಸಲ ನಾವಿಬ್ಬರೂ ಒಂದೇ ಹೊತ್ತಿಗೆ ಮಕ್ಕಳ ಮನೆಗೆ ಬಂದು ಬಿದ್ದಿದ್ದೆವು. ಅದೂ ಚಳಿಗಾಲದಲ್ಲಿ. ಬುದ್ಧಿಯಿರುವವರು ಮಾಡುವ ಕೆಲಸವೇ? ಬಂದ ದಿನವೇ ಬೀಗರು ಅಡುಗೆಮನೆಯ ಮೇಲಿನ ಕಪಾಟು ತೆಗೆದು ಒಂದು ತಗಡಿನ ಡಬ್ಬ ಇಳಿಸಿದರು. ನನ್ನ ಬೀಗಿತ್ತಿ ಬದುಕಿದ್ದಾಗ ಪ್ರತಿ ಬೇಸಿಗೆಯಲ್ಲೂ ಆ ಡಬ್ಬದ ತುಂಬ ಅಕ್ಕಿ ಸಂಡಿಗೆ ಮಾಡಿ ಮಗನಿಗೆ ಕಳಿಸುತ್ತಿದ್ದಳು. ಅವಳು ಹೋದ ಮೇಲೆ ಬೀಗರು ಫೋನಿನಲ್ಲಿ ಕೇಳಿದಾಗಲೆಲ್ಲ ಅಳಿಯ "ಇನ್ನೂ ಇದೆ ಅಪ್ಪ" ಅನ್ನುತ್ತಿದ್ದನಂತೆ. ಡಬ್ಬದಲ್ಲಿ ಇದ್ದದ್ದು ಅಂಟಿದ ಎರಡು ಜೀರಿಗೆ ಕಾಳು.

"ಇದನ್ನ ತುಂಬ್ಸಿಟ್ಟೇ ನಾನು ಊರಿಗೆ ಹೋಗೋದು" ಎಂದರು ಬೀಗರು. ಅವರ ವಿಮಾನಕ್ಕೆ ಇನ್ನು ಮೂರೇ ವಾರವಿತ್ತು. ಊರಿನಲ್ಲಾದರೆ ಸಂಡಿಗೆಗೆ ಎರಡು ದಿನದ ಬಿಸಿಲು ಸಾಕು. ಲುಲೆಯೊದಲ್ಲಿ? ಅಲ್ಲಿನ ಸೂರ್ಯ ಬಂದು, ಮುಖ ತೋರಿಸಿ, ಹಾಜರಿ ಹಾಕಿ ಹೋಗುವ ಗುಮಾಸ್ತ.

ಅಷ್ಟರಲ್ಲಿ ಶಾಲೆಗಳಿಗೆ ಸ್ಪೋರ್ಟ್‌ಲೋವ್ ಬಂತು. ಮಕ್ಕಳು ಹಿಮದಲ್ಲಿ ಜಾರಲಿ ಎಂದೇ ಇಲ್ಲಿ ಒಂದು ವಾರ ರಜೆ ಕೊಡುತ್ತಾರೆ. ಬೀಗರ ಡಬ್ಬ, ಅಕ್ಕಿಹಿಟ್ಟು, ಇಂಗಿನ ಸಮೇತ ಎಲ್ಲರೂ ಕಾರು ತುಂಬಿಕೊಂಡು ಗುಡ್ಡದ ಮೇಲಿನ ದೊಡ್ಡ ಸ್ಕೀ ರೆಸಾರ್ಟಿಗೆ ಹೋದೆವು. ಅಲ್ಲಿ ಜನ ಮಾಡುವ ಕೆಲಸವನ್ನು ಹೇಳುತ್ತೇನೆ ಕೇಳಿ: ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು ಮೇಲಿಂದ ಕೆಳಕ್ಕೆ ಜಾರುತ್ತಾರೆ. ಕೆಳಗೆ ಬಂದವರು ಮತ್ತೆ ಮೇಲಕ್ಕೆ ಹೋಗುತ್ತಾರೆ. ಮತ್ತೆ ಜಾರುತ್ತಾರೆ. ಅಷ್ಟು ಎತ್ತರ ಹೋಗಿಬಂದು ಒಂದು ಹೊರೆ ಸೌದೆಯನ್ನಾದರೂ ತರುತ್ತಾರೆಯೇ? ಇಲ್ಲ! ಬರಿಗೈಯಲ್ಲಿ ಬಂದು, ಮೂಗು ಕೆಂಪು ಮಾಡಿಕೊಂಡು, ಕಾಫಿ ಕುಡಿಯುತ್ತಾರೆ.

ನನ್ನ ಮಗಳು "ನೀನೂ ಒಂದ್ಸಲ ಟ್ರೈ ಮಾಡಮ್ಮ" ಎಂದಳು. "ಬೀಳೋದಕ್ಕೆ ನನಗೆ ಬಚ್ಚಲುಮನೆ ಸಾಕು" ಎಂದೆ.

ಏಳು ವರ್ಷದ ಮೊಮ್ಮಗಳಿಗೆ ಮಾತ್ರ ಒಂದೇ ಹಟ. ತಾತ ತನ್ನ ಜೊತೆ ಲಿಫ್ಟಿನಲ್ಲಿ ಗುಡ್ಡದ ತುದಿಗೆ ಬರಬೇಕು. ಮೊದಲ ದಿನ ಬೀಗರೂ ಹೊರಟರು. ಲಿಫ್ಟೆಂದರೆ ತಂತಿಗೆ ನೇತುಹಾಕಿದ ಕುರ್ಚಿಗಳು. ಒಂದರ ಹಿಂದೊಂದು ಬರುತ್ತವೆ, ಯಾರಿಗೂ ಕಾಯುವುದಿಲ್ಲ. ಮುಂದೆ ಉದ್ದನೆಯ ಕ್ಯೂ. ಕ್ಯೂ ನೋಡಿದ್ದೇ ಬೀಗರ ಹೆಗಲ ಮೇಲಿದ್ದ ಕೆಂಪು ಚೌಕಳಿ ಟವೆಲ್ಲು ತಾನಾಗಿ ಕೈಗೆ ಬಂತು. ಬೇಲಿಯ ಈಚೆಯಿಂದಲೇ ಗುರಿ ಹಿಡಿದು ಎಸೆದರು. ಹೊರಡುತ್ತಿದ್ದ ಖಾಲಿ ಕುರ್ಚಿಯ ಮೇಲೆ ಅದು ಸರಿಯಾಗಿ ಹೋಗಿ ಕೂತಿತು.

"ಸೀಟ್ ಹಿಡ್ದೆ! ಬಾ ಪುಟ್ಟ!" ಎಂದು ಕೂಗಿದರು.

ಕುರ್ಚಿ ಹೊರಟೇಹೋಯಿತು. ಟವೆಲ್ಲು ಒಂದೇ ಆರಾಮವಾಗಿ, ಕಾಲಿದ್ದರೆ ಕಾಲ ಮೇಲೆ ಕಾಲು ಹಾಕಿಕೊಳ್ಳುವ ಠೀವಿಯಲ್ಲಿ, ಗುಡ್ಡ ಹತ್ತಿತು. ಮೇಲಿನ ತುದಿಯಲ್ಲಿದ್ದ ಕೆಲಸದವನು ಏನು ತಿಳಿದನೋ, ಕುರ್ಚಿಯಲ್ಲಿ ಬಟ್ಟೆಯಿದೆ, ಅದರೊಳಗಿದ್ದ ಮಗು ಎಲ್ಲಿ ಎಂದು ಹೆದರಿ ಲಿಫ್ಟು ನಿಲ್ಲಿಸಿಬಿಟ್ಟ! ಗುಡ್ಡದುದ್ದಕ್ಕೂ ಜನ ಆಕಾಶದಲ್ಲಿ ಕಾಲು ಇಳಿಬಿಟ್ಟುಕೊಂಡು ನೇತಾಡಿದರು. ಯಾರೂ ಕೂಗಲಿಲ್ಲ, ಬೈಯಲಿಲ್ಲ. ಸ್ವೀಡನ್ನಿನವರು ನೇತಾಡುವುದನ್ನೂ ಮರ್ಯಾದೆಯಿಂದ ಮಾಡುತ್ತಾರೆ. ಬೀಗರಿಗೆ ತಡೆಯಲಾಗಲಿಲ್ಲ.

"ಹೋಲ್ಡಾನ್ ಅಂದೋರು ಯಾರ್ರೀ? ರೈಟ್ ರೈಟ್!"

ಅದೇ ಗಳಿಗೆಗೆ ಲಿಫ್ಟು ಹೊರಟಿತು. ತಮ್ಮ ಮಾತಿಗೇ ಹೊರಟಿತೆಂದು ಬೀಗರು ಇಂದಿಗೂ ನಂಬಿದ್ದಾರೆ. ಟವೆಲ್ಲು ತುದಿ ಸುತ್ತಿ ಇನ್ನೊಂದು ಪಕ್ಕದಿಂದ ಇಳಿದು ಬಂತು. ನಮ್ಮ ಎರಡೂ ಮನೆತನಗಳಲ್ಲಿ ಆ ಗುಡ್ಡದ ತುದಿಯನ್ನು ಮೊದಲು ಕಂಡದ್ದು ಅದೇ.

ಅಳಿಯ ನಾಚಿಕೆಯಿಂದ ಕಿವಿಯವರೆಗೆ ಟೋಪಿ ಎಳೆದುಕೊಂಡ. "ಅಪ್ಪಾ, ಪ್ಲೀಸ್, ನಾಳೆಯಿಂದ ರೂಮಲ್ಲೇ ರೆಸ್ಟ್ ತಗೊಳ್ಳಿ."

ಆ ಮಾತು ಹೇಳಿದ್ದೇ ತಪ್ಪಾಯಿತು. ಮರುದಿನ ನಾವೆಲ್ಲ ಹೊರಗೆ ಹೋಗಿದ್ದಾಗ ಬೀಗರು ನಾವು ಇಳಿದುಕೊಂಡಿದ್ದ ಲಾಡ್ಜಿನ ಒಲೆಯ ಮೇಲೆ ಅಕ್ಕಿಹಿಟ್ಟು ಕಾಯಿಸಿ, ಜೀರಿಗೆ, ಮೆಣಸಿನಕಾಯಿ, ಇಂಗು ಹಾಕಿ, ಹಿತ್ತಿಲ ಹಿಮದ ಮೇಲೆ ತಮ್ಮ ಬಿಳಿ ಪಂಚೆ ಹಾಸಿ, ಅದರ ಮೇಲೆ ಸಂಡಿಗೆ ಇಟ್ಟರು. ಹೊರಗೆ ಕಣ್ಣು ಕುಕ್ಕುವ ಬಿಸಿಲಿತ್ತು, ನಿಜ. ಆದರೆ ಅದು ಫೋಟೋದಲ್ಲಿನ ಬಿಸಿಲು, ನೋಡಲಿಕ್ಕೆ ಮಾತ್ರ. ಬೀಗರು ಒಂದು ಲೋಟ ಕಾಫಿಗೆಂದು ಒಳಗೆ ಬಂದರು. ಹೋಗಿ ನೋಡಿದರೆ ಸಂಡಿಗೆಯಿಲ್ಲ! ಬಿಳಿ ಹಿಮದ ಮೇಲೆ ಬಿಳಿ ಪಂಚೆ, ಅದರ ಮೇಲೆ ಬಿಳಿ ಸಂಡಿಗೆ, ಮೇಲೆ ಗಾಳಿ ತಂದು ಸುರಿದ ಪುಡಿಹಿಮ. ಸಂಜೆ ನಾವಿಬ್ಬರೂ ಕಾಲಲ್ಲಿ ತಡವಿ ತಡವಿ ಹುಡುಕಿದೆವು. ಕಡೆಗೆ ನನ್ನ ಬೂಟಿನ ಕೆಳಗೆ ಕಟಕ್ ಎಂದಿತು.

"ಸಿಕ್ಕಿತು ಬೀಗರೇ" ಎಂದೆ.

"ತುಳಿದ್ಬಿಟ್ರಾ?"

"ಇನ್ನು ಹೇಗೆ ಹುಡುಕೋದು, ಕೂಗಿ ಕರೆಯೋದಾ?"

ಆ ಲಾಡ್ಜಿನ ಕೆಳಮನೆಯಲ್ಲಿ ಒಂದು ಕೋಣೆಯಿದೆ. ಜಾರಿ ಬಂದವರ ಒದ್ದೆ ಕೋಟು, ಗ್ಲೌಸು, ಬೂಟು ಒಣಗಿಸಲು ಅಲ್ಲಿ ಆಳೆತ್ತರದ ಕಬ್ಬಿಣದ ಕಪಾಟುಗಳಿವೆ. ಬಾಗಿಲು ಹಾಕಿ ಗುಂಡಿ ಒತ್ತಿದರೆ ಒಳಗೆ ಬಿಸಿಗಾಳಿ ತಿರುಗುತ್ತದೆ. ಮೊಮ್ಮಗಳ ಗ್ಲೌಸು ಇಡಲು ಹೋದ ಬೀಗರು ಒಂದು ಕಪಾಟಿನೊಳಗೆ ತಲೆ ತೂರಿಸಿ ನಿಂತುಬಿಟ್ಟರು. ಹೊರಗೆ ಬಂದಾಗ ಅವರ ಮುಖ ಬೆಳಗಿತ್ತು.

"ಬೀಗಿತ್ತಿ, ಇವರು ಏಪ್ರಿಲ್ ತಿಂಗಳನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ!"

ಬೆಳಗಾಗುವುದರೊಳಗೆ ಓವನ್ನಿನ ತಟ್ಟೆಗಳ ಮೇಲೆ ಹೊಸ ಸಂಡಿಗೆ ಸಾಲಾಗಿ ಕೂತಿತ್ತು. ಬೀಗರು ಕಪಾಟಿನ ಮುಂದೆ ಒಂದು ಕುರ್ಚಿ ಹಾಕಿ, ಕೈಯಲ್ಲಿ ಅಳಿಯನ ಸ್ಕೀ ಕೋಲು ಹಿಡಿದು ಕಾವಲಿಗೆ ಕುಳಿತರು. ಮೊಮ್ಮಗಳು ಬಂದು ಕೋಟು ಜಗ್ಗಿದಳು. "ತಾತ, ಕೊಮ್ ನೂ! ಈಗ್ಲೇ ಬಾ! ಲಿಫ್ಟ್!"

"ಡ್ಯೂಟಿ ಇದೆ ಪುಟ್ಟ."

ಯಾರಾದರೂ ಗ್ಲೌಸು ತೆಗೆಯಲು ಬಂದರೆ "ಹೂಶ್!" ಎಂದು ಕೋಲು ಎತ್ತುತ್ತಿದ್ದರು. ಆರಡಿಯ ಗಂಡಸರು ಗ್ಲೌಸು ಬಿಟ್ಟು ಹಿಂದೆ ಹೆಜ್ಜೆ ಹಾಕಿದ್ದನ್ನು ನಾನೇ ಕಂಡಿದ್ದೇನೆ.

ಆದರೆ ಪಕ್ಕದ ಕಪಾಟುಗಳಿಗೂ ಗಾಳಿ ಓಡಾಡುವ ಕೊಳವೆ ಒಂದೇ ಎಂದು ಯಾರಿಗೆ ಗೊತ್ತಿತ್ತು? ಮಧ್ಯಾಹ್ನದ ಹೊತ್ತಿಗೆ ಆ ಲಾಡ್ಜಿನ ಎಲ್ಲ ಕೋಟು, ಟೋಪಿ, ಕಾಲುಚೀಲಗಳಿಗೆ ಒಗ್ಗರಣೆ ಬಿದ್ದಿತ್ತು. ಜನ ಅವನ್ನೇ ಹಾಕಿಕೊಂಡು ಗುಡ್ಡ ಹತ್ತಿದರು. ಗುಡ್ಡವೆಲ್ಲ ನಮ್ಮ ಅಡುಗೆಮನೆಯಾಯಿತು. ಒಬ್ಬನ ಪಕ್ಕ ಲಿಫ್ಟಿನಲ್ಲಿ ಯಾರೂ ಕೂರಲಿಲ್ಲವಂತೆ. ಆದರೆ ಈ ದೇಶದಲ್ಲಿ ಹೇಗೂ ಯಾರ ಪಕ್ಕದಲ್ಲೂ ಯಾರೂ ಕೂರುವುದಿಲ್ಲ, ಹಾಗಾಗಿ ಅವನಿಗೆ ಕಾರಣ ತಿಳಿಯಲು ಸಂಜೆಯಾಯಿತು.

ಸಂಜೆ ಮೇಲ್ವಿಚಾರಕಿ ಬಂದಳು. ಕಪಾಟು ತೆರೆದಳು. ನೋಡಿದಳು. ಮೂರು ಸಲ ಸೀನಿದಳು. ಅಳಿಯ ಸ್ವೀಡಿಷಿನಲ್ಲಿ ಒಂದೇ ಸಮನೆ ಕ್ಷಮೆ ಕೇಳಿದ. ಆಮೇಲೆ ಅಪ್ಪನ ಕಡೆ ತಿರುಗಿ, ಪಿಸುಗುಟ್ಟುತ್ತಲೇ ಕಿರುಚಿದ. "ಅಪ್ಪಾ, ಇದು ನಮ್ಮನೆ ಟೆರೇಸ್ ಅಲ್ಲ! ಎಲ್ಲ ತೆಗೀರಿ, ಎಸೀರಿ!"

ಬೀಗರು ಕೋಲನ್ನು ಇನ್ನೂ ಬಿಗಿಯಾಗಿ ಹಿಡಿದರು. ಕುರ್ಚಿ ಬಿಟ್ಟು ಏಳಲಿಲ್ಲ. ಮೊಮ್ಮಗಳೇ ಆ ಹೆಂಗಸಿಗೆ ಏನೋ ಉದ್ದಕ್ಕೆ ಹೇಳಿದಳು. ಕೈಯಿಂದ ಡಬ್ಬದ ಆಕಾರ ಮಾಡಿ ತೋರಿಸಿದಳು, ಮೇಲೆ ಆಕಾಶವನ್ನೂ ತೋರಿಸಿದಳು. ಹೆಂಗಸು ಸಂಡಿಗೆಯನ್ನು ಇನ್ನೊಂದು ಸಲ ನೋಡಿದಳು. ತನ್ನ ಅಜ್ಜಿಯೂ ಚಳಿಗಾಲದ ಕೊನೆಗೆ ಹಿಮಸಾರಂಗದ ಮಾಂಸ ಒಣಗಿಸುತ್ತಿದ್ದಳು, ಹಕ್ಕಿ ಓಡಿಸಲು ಮೊಮ್ಮಕ್ಕಳನ್ನು ಕೂರಿಸುತ್ತಿದ್ದಳು ಎಂದಳಂತೆ. ಮಾಂಸದ ಮಾತನ್ನು ನಾವು ಬೀಗರಿಗೆ ಕನ್ನಡದಲ್ಲಿ ಹೇಳಲಿಲ್ಲ. ಹೇಳಿದ್ದರೆ ಇಡೀ ಕಪಾಟು ತೊಳೆಸುತ್ತಿದ್ದರು. ಕೊನೆಗೆ ಆ ಹೆಂಗಸು ಮೂಲೆಯಲ್ಲಿ ಒಂಟಿಯಾಗಿದ್ದ ಒಂದು ಹಳೇ ಕಪಾಟು ತೋರಿಸಿ, ನಾಳೆ ಮಧ್ಯಾಹ್ನದವರೆಗೆ ಮಾತ್ರ ಎಂದು ಹೇಳಿ ಹೋದಳು.

ತಟ್ಟೆಗಳನ್ನು ಅಲ್ಲಿಗೆ ಸಾಗಿಸಿದ್ದಾಯಿತು. ಬೀಗರು ಕುರ್ಚಿಯನ್ನೂ ಎಳೆದು ತಂದು ಮತ್ತೆ ಕೋಲು ಹಿಡಿದು ಕೂತರು. ಎಲ್ಲರೂ ಊಟಕ್ಕೆ ಮೇಲೆ ಹೋದರು. ನನಗೆ ರೇಗಿತು.

"ಅಲ್ಲ ಬೀಗರೇ, ಕಬ್ಬಿಣದ ಬಾಗಿಲು ಹಾಕಿದೆ. ಈ ಊರಲ್ಲಿ ನಾನೊಂದು ಕಾಗೆ ಕಂಡಿಲ್ಲ. ಯಾರನ್ನ ಕಾಯ್ತಿದ್ದೀರಿ? ಮಗು ಲಿಫ್ಟಿಗೆ ಬಾ ಅಂತ ಬಾಯಿ ಒಣಗಿಸ್ಕೊಂಡಿದೆ."

ಅವರು ಕೋಲಿನ ತುದಿಯನ್ನೇ ನೋಡುತ್ತ ಹೇಳಿದರು.

"ನಮ್ಮವಳು ಒಂದು ದಿನಾನೂ ನನ್ನ ಹಿಟ್ಟು ಮುಟ್ಟೋಕೆ ಬಿಡ್ಲಿಲ್ಲ. ಹಿಟ್ಟು ಅವಳದು, ಕಾಗೆ ನಂದು. ರಜಾ ಹಾಕಿ ಟೆರೇಸಿನ ಮೇಲೆ ಛತ್ರಿ ಹಿಡ್ಕೊಂಡು ಕೂರ್ತಿದ್ದೆ. ಈ ಸಲ ಹಿಟ್ಟೂ ನಾನೇ ಮಾಡಿದೀನಿ. ಉಪ್ಪು ಸರಿ ಇದೆಯೋ, ಹದ ಸರಿ ಇದೆಯೋ, ಒಂದೂ ಗೊತ್ತಿಲ್ಲ ಬೀಗಿತ್ತಿ. ಇದರಲ್ಲಿ ನನಗೆ ಸರಿಯಾಗಿ ಬರೋದು ಕೂತ್ಕೊಳ್ಳೋದೊಂದೇ. ಅದನ್ನೂ ಬಿಟ್ರೆ, ಅವನಿಗೆ ಅದು ಅವನ ಅಮ್ಮನ ಸಂಡಿಗೆ ಹೇಗಾಗುತ್ತೆ?"

"ಊಟ ಆರಿಹೋಗುತ್ತೆ" ಎಂದು ಹೇಳಿ ಮೇಲೆ ಬಂದೆ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಮೊಮ್ಮಗಳನ್ನು ಎಬ್ಬಿಸಿ ಅವಳ ಅಮ್ಮನ ಜೊತೆ ಲಿಫ್ಟಿನ ಕಡೆ ಕಳಿಸಿದೆ. ಸ್ವೆಟರಿನ ಮೇಲೆ ಸ್ವೆಟರು ಹಾಕಿದೆ, ಖಾಲಿ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಳಗೆ ಹೋದೆ. ಬೀಗರ ಕೈಯಿಂದ ಸ್ಕೀ ಕೋಲು ಕಿತ್ತುಕೊಂಡು, ಕೆಂಪು ಟವೆಲ್ಲನ್ನು ಅವರ ಹೆಗಲ ಮೇಲೆ ಹಾಕಿ, "ಏಳಿ, ಡ್ಯೂಟಿ ಬದಲಾಯ್ತು. ಮಗು ಲಿಫ್ಟಿನ ಹತ್ತಿರ ಕಾಯ್ತಿದೆ" ಎಂದೆ. ಅವರು ಕಪಾಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಎದ್ದು ಹೊರಟರು. ಬಾಗಿಲ ಬಳಿ ಹೋಗಿ ತಿರುಗಿ ನಿಂತರು.

"ರೈಟ್ ರೈಟ್" ಎಂದೆ.

ಆಮೇಲೆ ಆ ಕುರ್ಚಿಯಲ್ಲಿ ಕೂತೆ. ಮಧ್ಯಾಹ್ನದವರೆಗೂ ಕೂತಿದ್ದೆ. ಒಂದು ಕಾಗೆಯನ್ನೂ ಹತ್ತಿರ ಬಿಡಲಿಲ್ಲ.