ಅಣ್ಣೆ ಹೂವೂ ಮುನಿರಾಜನ ಮೇಕೆಯೂ

ಕೆಲವರ ಬಾಯಿ ಅವರ ಮಾತು ಕೇಳುವುದಿಲ್ಲ, ಕೆಲವರ ಹೊಟ್ಟೆ ಕೇಳುವುದಿಲ್ಲ. ನನ್ನ ಮಾತು ಕೇಳದಿರುವುದು ನನ್ನ ಕೈ. ಯಾರೂ ಬಿತ್ತದ ಗಿಡವೊಂದು ಕಣ್ಣಿಗೆ ಬಿದ್ದರೆ ಸಾಕು, ನಾನು ಯೋಚನೆ ಮಾಡುವುದರೊಳಗೆ ಅದು ಬೇರು ಸಮೇತ ಕೈಯಲ್ಲಿರುತ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ರಾಗಿ ಹೊಲಕ್ಕೆ ಇಳಿದವನು ನಾನು. ಓದಿದ್ದು ಬಹಳಷ್ಟು ಮರೆತಿದೆ, ಕಳೆ ಕೀಳುವುದು ಮಾತ್ರ ಮರೆತಿಲ್ಲ. ಬಸ್ಸಿಗೆ ಕಾಯುವಾಗ ಕೀಳುತ್ತೇನೆ, ಆಸ್ಪತ್ರೆ ಮುಂದೆ ಕೂತಾಗ ಕೀಳುತ್ತೇನೆ. ಹೆಣ್ಣು ನೋಡಲು ಹೋದ ದಿನವೂ ಅವರ ಅಂಗಳದಲ್ಲಿ ಕೂತು ಒಂದು ಮೂಲೆಯ ಗರಿಕೆಯನ್ನೆಲ್ಲ ಕಿತ್ತು ಹಾಕಿದ್ದೆ. ಹುಡುಗ ಕೆಲಸಗಾರ ಎಂದು ನಮ್ಮ ಮಾವ ಅಲ್ಲೇ ಒಪ್ಪಿಬಿಟ್ಟರು. ಆ ಗರಿಕೆಯನ್ನು ಗಣಪತಿ ಪೂಜೆಗೆಂದು ಬೆಳೆಸಿದ್ದರೆಂದು ಹೆಂಡತಿ ಹೇಳಿದ್ದು ಮದುವೆಯಾದ ಮೇಲೆ.

ಇದನ್ನು ನಾನು ದೋಷ ಅಂದುಕೊಂಡಿರಲೇ ಇಲ್ಲ. ನಮ್ಮ ಕಡೆ ಮನುಷ್ಯನ ಮರ್ಯಾದೆಯನ್ನು ಅವನ ರಾಗಿ ಹೊಲ ನೋಡಿ ಅಳೆಯುತ್ತಾರೆ. ನನ್ನ ಹೊಲ ತಲೆ ಬಾಚಿದ ಹಾಗಿರುತ್ತದೆ. ಪಕ್ಕದ ಹೊಲ ಮುನಿರಾಜನದು. ಅವನು ನನಗಿಂತ ಚಿಕ್ಕವನು, ಮೇಕೆ ಸಾಕಿದ್ದಾನೆ, ಅಂಥ ಸೋಮಾರಿ ಈ ಸುತ್ತಮುತ್ತ ಇಲ್ಲ. ಊರಿನವರೆಲ್ಲ ಕಳೆಗೆ ಔಷಧಿ ಹೊಡೆದರೆ ಇವನು ಅದನ್ನೂ ಹೊಡೆಯಲಾರ. ರಾಗಿಗಿಂತ ಎತ್ತರಕ್ಕೆ ಅಣ್ಣೆ ಸೊಪ್ಪಿನ ಕಳೆ ನಿಂತು, ತುದಿಯಲ್ಲಿ ಗುಲಾಬಿ ಬಣ್ಣದ ಜುಟ್ಟು ಬಿಟ್ಟಿರುತ್ತದೆ. "ಏನ್ಲಾ ಮುನಿರಾಜ, ಈ ಸಲ ರಾಗಿ ಹಾಕಿದ್ದೀಯೋ, ಹೂವಿನ ವ್ಯಾಪಾರಾನೋ?" ಅಂತ ವರ್ಷವೂ ಕೇಳುತ್ತೇನೆ. ಅವನು ವರ್ಷವೂ ನಗುತ್ತಾನೆ. ಸಿಟ್ಟು ಮಾಡಿಕೊಳ್ಳುವುದೂ ಒಂದು ಕೆಲಸ ತಾನೆ?

ಇಂಥ ನನ್ನ ಪಕ್ಕದಲ್ಲೇ ತಂಗಿ ಭಾಗ್ಯ ಮನೆ ಕಟ್ಟಿಕೊಂಡಳು. ಅವಳಿಗೆ ಸೋಂಪುರದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ, ಗಂಡ ಲಾರಿ ಓಡಿಸುತ್ತಾನೆ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಬೋರ್‌ವೆಲ್ ನೆಚ್ಚುವ ಹಾಗಿಲ್ಲ. ಅದಕ್ಕೇ ಅವಳು ಮನೆ ಮುಂದೆ ನೀರು ಕೇಳದ ತೋಟ ಮಾಡುತ್ತೇನೆ ಅಂದಳು. ಬೇಲಿಗೆ ತಂಗಡಿ ಗಿಡ, ಮೂಲೆಗೆ ಲೋಳೆಸರ. ಅಲ್ಲಿಯವರೆಗೆ ನನ್ನ ತಕರಾರಿರಲಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದಾಗ ಒಂದು ಡಬ್ಬಿ ತಂದು, ದಂಟಿನ ಬೀಜದಂಥ ಕಪ್ಪು ಬೀಜವನ್ನು ಅಂಗಳದ ತುಂಬ ಚೆಲ್ಲಿದಳು.

"ಏನಮ್ಮಾ ಅದು?"

"ಅಣ್ಣೆ ಬೀಜ. ಮುನಿರಾಜಣ್ಣನ ಹೊಲದ್ದು."

ನಾನು ಕೂತಲ್ಲೇ ಕೂತುಬಿಟ್ಟೆ. ನಮ್ಮಪ್ಪ, ನಮ್ಮಜ್ಜ ಸೊಂಟ ಬಗ್ಗಿಸಿ ಕಿತ್ತದ್ದನ್ನು ನಮ್ಮ ಮನೆಯ ಹೆಣ್ಣುಮಗಳು ಡಬ್ಬಿಯಲ್ಲಿ ತಂದು ಬಿತ್ತುತ್ತಿದ್ದಾಳೆ! ಬೀದಿಯಲ್ಲಿ ಇದನ್ನು ಹೇಳಿ ನಗಿಸಿದವನು ನಾನೇ. ಭಾಗ್ಯ ಮಾತ್ರ ಜಗ್ಗಲಿಲ್ಲ. "ಹೋದ ವರ್ಷ ದೀಪಾವಳಿಗೆ ಹೊಸ್ತಿಲ ಮುಂದೆ ಸಗಣಿ ಬೆನಕ ಇಟ್ಟು, ಅದಕ್ಕೆ ಏನು ಸಿಕ್ಕಿಸಿದ್ರಿ? ಅಣ್ಣೆ ಹೂವು ಇಡೋ ಕಡೆ ಅಂಗಡಿ ಸೇವಂತಿಗೆ! ಹೊಲಗಳೆಲ್ಲ ಸೈಟಾದ್ವು, ಉಳಿದಿರೋದಕ್ಕೆ ಔಷಧಿ ಹೊಡೀತೀರ. ನೋಡ್ತಿರಿ, ಈ ಸಲ ಬೀದಿಗೆಲ್ಲ ನಮ್ಮನೆ ಅಣ್ಣೆ ಹೂವು" ಅಂದಳು. ಮನೆಮನೆಗೂ ಹೇಳಿ ಬಂದಳು. ಹೆಂಗಸರು ಮುಖದ ಮುಂದೆ ಆಗಲಮ್ಮ ಅಂದು, ಹಿಂದೆ ನಕ್ಕರು. ಹೂವು ಬಂದರೆ ಅವಳು ಗೆದ್ದಳು, ಬರದಿದ್ದರೆ ನನ್ನ ತಂಗಿ ಬೀದಿಗೆಲ್ಲ ತಮಾಷೆ.

ಗಿಡ ಬಂತು. ಯಾರೂ ಒಂದು ಚೊಂಬು ನೀರು ಹಾಕದಿದ್ದರೂ ಮೊಣಕಾಲುದ್ದ ಬಂದು, ದೀಪಾವಳಿಗೆ ಇನ್ನೂ ಕೆಲವು ವಾರ ಇರುವಾಗ ಮೊಗ್ಗು ತೋರಿಸತೊಡಗಿತು. ಒಂದು ಮಧ್ಯಾಹ್ನ ಭಾಗ್ಯ ಫ್ಯಾಕ್ಟರಿಯಿಂದ ಫೋನು ಮಾಡಿ, ಮೋಡ ಆಗಿದೆ, ಒಣಗಲು ಹಾಕಿದ ಬಟ್ಟೆ ಎತ್ತಿಡಣ್ಣ ಅಂದಳು. ಹೋದೆ, ಬಟ್ಟೆ ಎತ್ತಿಟ್ಟೆ. ಅಷ್ಟರಲ್ಲಿ ನಮ್ಮ ಬೀಗರ ಫೋನು ಬಂತು. ಬೀಗರಿಗೆ ಮಂಡಿನೋವು. ಅವರು ಮಂಡಿನೋವು ಹೇಳಲು ಶುರು ಮಾಡಿದರೆ ನೋವು ಹುಟ್ಟಿದ ದಿನದಿಂದ ಹೇಳಬೇಕು. ಮಗಳನ್ನು ಕೊಟ್ಟ ಮನೆ, ಫೋನು ಇಡುವ ಹಾಗಿಲ್ಲ. ಕುಕ್ಕುರುಗಾಲಲ್ಲಿ ಕೂತು ಹೂಂ ಹೂಂ ಅನ್ನುತ್ತಾ ಹೋದೆ. ಅವರು ಮೂರನೆಯ ಡಾಕ್ಟರನ್ನು ಬೈದು ಮುಗಿಸಿ ಫೋನಿಟ್ಟಾಗ ನಾನು ತಲೆಯೆತ್ತಿ ನೋಡಿದೆ. ಅಂಗಳ ನನ್ನ ರಾಗಿ ಹೊಲದ ಹಾಗೆ ಸ್ವಚ್ಛವಾಗಿತ್ತು. ಅಣ್ಣೆ ಗಿಡಗಳೆಲ್ಲ ಬೇರು ಒಂದೇ ಕಡೆ ಮಾಡಿಕೊಂಡು ಬೇಲಿ ಪಕ್ಕ ಗುಡ್ಡೆಯಾಗಿ ಮಲಗಿದ್ದವು.

ಒಂದು ಕ್ಷಣ, ಕೆಲಸ ಎಷ್ಟು ಚೊಕ್ಕವಾಗಿದೆ ಎಂದು ಖುಷಿಯಾಯಿತು. ಆಮೇಲೆ ಅದು ಯಾರ ಅಂಗಳವೆಂದು ನೆನಪಾಯಿತು. ಎರಡನ್ನು ತಿರುಗಿ ನೆಟ್ಟು ನೋಡಿದೆ. ಅವು ಕುಡಿದವರ ಹಾಗೆ ವಾಲಿದವು. ಸಂಜೆ ಭಾಗ್ಯ ಬಂದು ಗೇಟಿನಲ್ಲೇ ನಿಂತಳು. ನನ್ನ ಬಾಯಿಂದ ಬಂದ ಮಾತು: "ಮುನಿರಾಜನ ಮೇಕೆ ನುಗ್ಗಿಬಿಟ್ವು ಕಣಮ್ಮ."

ಅವಳು ಗುಡ್ಡೆಯನ್ನು ನೋಡಿದಳು, ನನ್ನನ್ನು ನೋಡಿದಳು. ನೇರ ಮುನಿರಾಜನ ಮನೆ ಕಡೆ ಹೊರಟಳು. ತಂಗಿಯ ಹೂವು ಕಿತ್ತದ್ದು ಕೈಯ ತಪ್ಪು, ಒಪ್ಪಿಕೊಳ್ಳೋಣ. ಅದನ್ನು ಮೇಕೆಯ ಮೇಲೆ ಹಾಕಿದ್ದು ಮಾತ್ರ ನಾನೇ.

ದೀಪಾವಳಿ ಹತ್ತಿರ ಬಂದಂತೆ ಬೀದಿಯ ಹೆಂಗಸರು "ಹೂವು ಎಲ್ಲಮ್ಮಾ ಭಾಗ್ಯ?" ಅಂತ ಕೇಳತೊಡಗಿದರು. ಅವಳು "ಬರುತ್ತೆ" ಅನ್ನುತ್ತಿದ್ದಳು. ಆ ಒಂದು ಮಾತು ಕೇಳಿ ಕೇಳಿ ನನ್ನಿಂದ ತಡೆಯಲಾಗಲಿಲ್ಲ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಚೀಲ ಹಿಡಿದು ಮುನಿರಾಜನ ಹೊಲಕ್ಕೆ ಹೋದೆ. ಅವನು ಹೊಂಗೆ ಮರದ ಕೆಳಗೆ ಮಲಗಿದ್ದ.

"ಏನಣ್ಣೋ, ಈ ಕಡೆ?"

"ಸ್ವಲ್ಪ ಅಣ್ಣೆ ಹೂವು ಬೇಕಿತ್ತು ಕಣೋ."

"ಯಾಕೆ, ನಿಮ್ಮ ಹೊಲದಲ್ಲಿಲ್ವಾ?" ಅಂತ ಎದ್ದು ಕೂತ. ಅವನು ಎದ್ದು ಕೂತದ್ದೇ ದೊಡ್ಡ ವಿಷಯ. "ನನ್ನ ಮೇಕೆ ನಿಮ್ಮ ತಂಗಿ ಅಂಗಳಕ್ಕೆ ನುಗ್ಗಿದ್ವಂತೆ? ಕಿತ್ತು, ಬೇರು ಜೋಡಿಸಿ, ಗುಡ್ಡೆ ಹಾಕಿ ಬಂದ್ವಂತೆ? ಅಷ್ಟು ಕೆಲಸ ಮಾಡೋ ಮೇಕೆ ನನ್ನತ್ರ ಇದ್ದಿದ್ರೆ ನನ್ನ ಹೊಲ ಯಾಕಣ್ಣ ಹಿಂಗಿರ್ತಿತ್ತು?"

ನಾನು ತಲೆ ತಗ್ಗಿಸಿದೆ. "ತಪ್ಪಾಯ್ತು ಕಣೋ. ಕಿತ್ತೋನು ನಾನೇ."

"ಅದು ಊರಿಗೇ ಗೊತ್ತು. ಕುಯ್ಕೋ ಹೋಗು. ಕೀಳಬೇಡ, ಕುಯ್ಕೋ. ಬೀಜ ಉದುರ್ಬೇಕು."

ಚೀಲ ತುಂಬ ಕುಯ್ದೆ. ನಡುನಡುವೆ "ಲೇ ಅಣ್ಣೋ, ಬೇರು!" ಅಂತ ಮರದ ಕೆಳಗಿಂದ ಕೂಗು ಬರುತ್ತಿತ್ತು. ತಂದು ತಂಗಿಯ ಜಗಲಿ ಮೇಲೆ ಸುರಿದು, "ಮೇಕೆ ಅಲ್ಲಮ್ಮ, ನಾನು" ಅಂದೆ.

"ಗೊತ್ತು. ಮೇಕೆ ತಿಂದಿದ್ರೆ ಬುಡ ಉಳೀತಿತ್ತು" ಅಂದಳು.

"ಮತ್ತೆ ಅವತ್ತು ಅವನ ಮನೆಗೆ ಜಗಳಕ್ಕೆ ಯಾಕೆ ಹೋದೆ?"

"ಜಗಳಕ್ಕೆ ಯಾರು ಹೋದ್ರು? ಹೂವು ಕೇಳಕ್ಕೆ ಹೋಗಿದ್ದೆ. ಬೇಕಾದಷ್ಟು ಕೊಡ್ತೀನಿ, ಆದ್ರೆ ಕೇಳಕ್ಕೆ ನಿಮ್ಮಣ್ಣನೇ ಬರ್ಬೇಕು ಅಂದ. ನೀನು ಯಾವತ್ತು ಹೋಗ್ತೀಯೋ ಅಂತ ಕಾಯ್ತಿದ್ದೆ. ಹಬ್ಬ ಕಳೆದ ಮೇಲೆ ಹೋಗ್ತೀಯೇನೋ ಅಂತ ಭಯ ಆಗಿತ್ತು."

ಬೀದಿಯ ಪ್ರತಿ ಹೊಸ್ತಿಲಲ್ಲೂ ಬೆನಕನ ತಲೆ ಮೇಲೆ ಅಣ್ಣೆ ಹೂವು ನಿಂತಿತು. ಮನೆಮನೆಗೂ ಹಂಚಿದವನು ನಾನು. ಯಾರ ಹೊಲದ್ದೆಂದು ಕೇಳಿದವರಿಗೆಲ್ಲ ನಿಜವನ್ನೇ ಹೇಳಿದೆ. ಭಾಗ್ಯ ಪಕ್ಕದಲ್ಲಿ ನಿಂತು ಹೇಳಿಸಿದಳು.

ಈ ವರ್ಷ ಅವಳ ಅಂಗಳದಲ್ಲಿ ಮತ್ತೆ ಅಣ್ಣೆ ಎದ್ದಿದೆ. ಕಾವಲಿಗೆ ನನ್ನನ್ನೇ ಹಾಕಿದ್ದಾಳೆ. ಅದಕ್ಕೆ ಮಾಡಬೇಕಾದ ಕೆಲಸ ಏನೂ ಮಾಡದಿರುವುದು. ನಾನು ಕಷ್ಟಕ್ಕೆ ಹೆದರುವವನಲ್ಲ, ಕಲಿತೇ ಕಲಿಯುತ್ತೇನೆಂದು ಸಂಜೆ ಹೊತ್ತು ಮುನಿರಾಜನ ಹೊಂಗೆ ಮರದ ಕೆಳಗೆ ಹೋಗಿ ಅವನ ಪಕ್ಕದಲ್ಲಿ ಸುಮ್ಮನೆ ಕೂರುವ ಅಭ್ಯಾಸ ಮಾಡುತ್ತಿದ್ದೇನೆ. ಚೆನ್ನಾಗಿಯೇ ಕಲಿಯುತ್ತಿದ್ದೇನೆ ಅಂದುಕೊಂಡಿದ್ದೆ. ಮೊನ್ನೆ ಅವನು ಒಂದು ಕಣ್ಣು ತೆರೆದು ನನ್ನನ್ನು ನೋಡಿ, "ನಿಂಗೆ ಇದು ಹತ್ತಲ್ಲ ಬಿಡಣ್ಣ" ಅಂದ. "ಸುಮ್ನೆ ಕೂತಿರೋದನ್ನೂ ಬೆವರು ಸುರಿಸ್ಕೊಂಡು ಮಾಡ್ತೀಯ."